ಕಮಾನು ಇಳಿಸಿದ ಮೇಸ್ತ್ರಿ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಕಡಬದ ಬಸ್ಸಿನ ಕಂಡಕ್ಟರ್. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದವನು ನನ್ನನ್ನು ನೋಡಿ, "ನಿಮ್ಮ ಮೇಸ್ತ್ರಿ ಹೋದ್ರಲ್ಲ ಮಾರಾಯ್ರೆ, ಯಾರೂ ಹೇಳ್ಲಿಲ್ವಾ? ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗೀತು" ಎಂದ. ಯಾರು ಹೇಳಬೇಕಿತ್ತು ನನಗೆ? ನಾನು ಅವರ ಸಂಬಂಧಿಕನಲ್ಲ, ಜಾತಿಯವನಲ್ಲ, ಊರಿನವನೂ ಅಲ್ಲ. ಎರಡು ಬೇಸಿಗೆ ಅವರ ಜೊತೆ ಕೆಲಸ ಮಾಡಿದವನು, ಅಷ್ಟೆ.

ಮಂಗಳೂರು ಕಡೆಯಿಂದ ಪುತ್ತೂರಿಗೆ ಬರುವವರಿಗೆ ಒಂದು ಕಾಲದಲ್ಲಿ ಪೇಟೆಯ ಬಾಯಲ್ಲಿ ದೊಡ್ಡದೊಂದು ಕಲ್ಲಿನ ಕಮಾನು ಎದುರಾಗುತ್ತಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಅದು ನಿಂತದ್ದು ಒಂಬತ್ತೇ ಮಳೆಗಾಲ. ಫೋಟೋ ಯಾರದಾದರೂ ಮನೆಯಲ್ಲಿ ಇರಬಹುದು, ನನ್ನಲ್ಲಿಲ್ಲ. ಜನ ಅದನ್ನು ಕಲ್ಲಿನ ಬಾಗಿಲು ಎನ್ನುತ್ತಿದ್ದರು, ತುಳುವಿನಲ್ಲಿ 'ಕಲ್ಲ್‌ದ ಬಾಕಿಲ್'. ಅದನ್ನು ಕಟ್ಟಿದವರು ಇವರು. ಹೆಸರು ಬರೆಯುವುದಿಲ್ಲ. ಕಟ್ಟಿದ ಕಲ್ಲಿನ ಮೇಲೆಯೇ ಅವರ ಹೆಸರು ಇರಲಿಲ್ಲ, ನನ್ನ ಕಾಗದದ ಮೇಲೆ ಯಾಕೆ? ಎಲ್ಲರಿಗೂ ಅವರು ಮೇಸ್ತ್ರಿ. ನನಗೂ.

ಸ್ವಾತಂತ್ರ್ಯ ಬಂದದ್ದರ ನೆನಪಿಗೆ ಊರಿಗೊಂದು ಹೆಬ್ಬಾಗಿಲು ಬೇಕು ಎಂದು ಪೇಟೆಯ ಹಿರಿಯರು ಕೆಲವರು ಸೇರಿ ಸಮಿತಿ ಮಾಡಿಕೊಂಡಿದ್ದರು. ವಕೀಲರೊಬ್ಬರು, ಡಾಕ್ಟರೊಬ್ಬರು, ಮೂರು ನಾಲ್ಕು ವ್ಯಾಪಾರಿಗಳು. ಮಾತು ಸುರುವಾಗಿ ಏಳೆಂಟು ವರ್ಷ ಮಾತಿನಲ್ಲೇ ಕಳೆದಿತ್ತು. ಕೊನೆಗೆ ಒಂದು ನಕ್ಷೆ ತರಿಸಿದರು. ಅದರಲ್ಲಿ ನಮ್ಮ ಕಡೆಯ ಕೆಂಪು ಮುರಕಲ್ಲಿನಿಂದ ಕಮಾನು ಕಟ್ಟಿ, ಮೇಲೆ ಗಾರೆ ಮೆತ್ತಿ, ಎರಡೂ ಬದಿಗೆ ಸಿಂಹ ಕೂರಿಸುವುದೆಂದಿತ್ತು. ಕಡಬದ ಕಡೆಯಿಂದ ಕರೆಸಿದ್ದ ಮೇಸ್ತ್ರಿ ಆ ನಕ್ಷೆಯನ್ನು ಉಲ್ಟಾ ಹಿಡಿದು ನೋಡಿದರು, ಸೀದಾ ಹಿಡಿದು ನೋಡಿದರು, ಮಡಚಿ ವಕೀಲರ ಕೈಗೆ ಕೊಟ್ಟರು.

"ಇದು ಮೂರು ಮಳೆಗಾಲಕ್ಕೆ ಉಂಟು. ಮುರಕಲ್ಲು ನೀರು ಕುಡೀತದೆ, ಗಾರೆ ಉದುರ್ತದೆ, ಆಮೇಲೆ ಸಿಂಹ ಕುರಿಯ ಹಾಗೆ ಕಾಣ್ತದೆ. ಮಾಡುದಾದರೆ ಪಾದೆಕಲ್ಲಿನಲ್ಲಿ ಮಾಡುವ. ಇಲ್ಲದಿದ್ದರೆ ನಾನು ಹೋಗ್ತೇನೆ."

ಪಾದೆಕಲ್ಲೆಂದರೆ ಕರಿಕಲ್ಲು, ನಮ್ಮ ಗುಡ್ಡಗಳ ಹೊಟ್ಟೆಯಲ್ಲಿರುವ ಗಟ್ಟಿ ಬಂಡೆ. ಅದರಲ್ಲಿ ಅಷ್ಟು ದೊಡ್ಡ ಕಮಾನನ್ನು ನಮ್ಮ ಕಡೆ ಯಾರೂ ಕಟ್ಟಿರಲಿಲ್ಲ. ಇವರು ಪ್ರಾಯದಲ್ಲಿ ಮಲಯಾಳದ ಕಡೆ ಸೇತುವೆ ಕೆಲಸಕ್ಕೆ ಹೋಗಿ ಕಲಿತು ಬಂದವರು. ಸಮಿತಿ ಒಪ್ಪಿತು. ಕಲ್ಲುಗಳ ಅಳತೆ ಬರೆಯಲಿಕ್ಕೆ ಒಬ್ಬ ಬೇಕಿತ್ತು. ಸುಳ್ಯದ ನಮ್ಮ ಮನೆಯಲ್ಲಿ ಆಗ ನಾನೊಬ್ಬ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಕೂತಿದ್ದೆ. ಚಿತ್ರ ಬರೆಯಲಿಕ್ಕೆ ಮಾತ್ರ ಬರುತ್ತಿತ್ತು. ಸೋದರಮಾವ ಸಮಿತಿಯ ಡಾಕ್ಟರಿಗೆ ಹೇಳಿ ನನ್ನನ್ನು ಸೇರಿಸಿದರು. ಸುಳ್ಯದ ಗೌಡರ ಅರೆಭಾಷೆ ಮನೆಮಾತಾದ ನನಗೆ ತುಳು ಬರುತ್ತಿದ್ದರೂ ಮೇಸ್ತ್ರಿಗೆ ನನ್ನ ತುಳು ಕೇಳಿದರೆ ನಗು. "ಗೌಡ್ರೆ, ನೀವು ಕನ್ನಡದಲ್ಲೇ ಹೇಳಿ, ಕಲ್ಲಿಗೂ ಅರ್ಥ ಆಗ್ಲಿ" ಎನ್ನುತ್ತಿದ್ದರು.

ಬೇಸಿಗೆ ರಜೆಯಲ್ಲಿ ಒಂದು ಶಾಲೆಯ ಹಜಾರವನ್ನು ಕೇಳಿ ಪಡೆದು, ಅದರ ನೆಲದ ಮೇಲೆ ಕಮಾನನ್ನು ನಿಜವಾದ ಅಳತೆಯಲ್ಲೇ ಬರೆದೆವು. ನಡುವೆ ಮೊಳೆ ಹೊಡೆದು, ಎಂಟು ಅಡಿ ಹುರಿಯ ತುದಿಗೆ ಸೀಮೆಸುಣ್ಣ ಕಟ್ಟಿ ಅರ್ಧ ವೃತ್ತ ಎಳೆಯುವುದು. ಅದನ್ನು ಹತ್ತೊಂಬತ್ತು ಪಾಲು ಮಾಡುವುದು. ಪ್ರತಿ ಪಾಲಿಗೂ ಹಲಗೆಯಲ್ಲಿ ಮಾದರಿ ಕೊಯ್ದು, ಆ ಮಾದರಿ ಇಟ್ಟು ಕಲ್ಲು ಕಡಿಯುವುದು. ಹದಿನಾರು ಅಡಿ ಅಗಲದ ದಾರಿ, ಎರಡು ಗಾಡಿ ಎದುರುಬದುರು ಹೋಗುವಷ್ಟು. ಹತ್ತು ಅಡಿಯವರೆಗೆ ಕಂಬ, ಅದರ ಮೇಲೆ ಬಿಲ್ಲು. ಕಲ್ಲಿನ ನಡುವೆ ಸುಣ್ಣವಿಲ್ಲ, ಸಿಮೆಂಟಿಲ್ಲ.

"ಹಾಗಾದರೆ ಯಾವುದು ಹಿಡಿದು ನಿಲ್ಲಿಸುದು?" ಎಂದು ನಾನು ಕೇಳಿದ್ದೆ.

"ಹಿಡಿಯುದು ಯಾವುದೂ ಇಲ್ಲ ಗೌಡ್ರೆ. ಎಲ್ಲ ಕಲ್ಲಿಗೂ ಬೀಳ್ಬೇಕು ಅಂತಲೇ ಉಂಟು. ಆದರೆ ಪಕ್ಕದ್ದು ದಾರಿ ಬಿಡುದಿಲ್ಲ. ಹತ್ತೊಂಬತ್ತಕ್ಕೂ ದಾರಿ ಸಿಗುದಿಲ್ಲ. ಹಾಗೆ ನಿಲ್ತದೆ."

ಮೇಲೆ ಏನು ಕೆತ್ತುವುದೆಂದು ಸಮಿತಿಯಲ್ಲಿ ಒಂದು ತಿಂಗಳು ಜಗಳವಾಯಿತು. ಒಬ್ಬರಿಗೆ ಲಕ್ಷ್ಮಿ ಬೇಕು, ಒಬ್ಬರಿಗೆ ಚರಕ, ಬ್ಯಾರಿ ವ್ಯಾಪಾರಿಯೊಬ್ಬರಿಗೆ ಮೂರ್ತಿ ಬೇಡ, ಬಳ್ಳಿ ಸಾಕು. ಮೇಸ್ತ್ರಿಯ ತಮ್ಮ ಮೂಲೆಯಲ್ಲಿ ಕೂತು ಕೇಳುತ್ತಿದ್ದವನು, "ಹಗ್ಗ ಕೆತ್ತುವ. ಕಲ್ಲು ಎತ್ತುದು ಹಗ್ಗ. ಅದಕ್ಕೆ ಜಾತಿ ಇಲ್ಲ" ಎಂದುಬಿಟ್ಟ. ಎಲ್ಲರೂ ನಕ್ಕರು, ಒಪ್ಪಿದರು. ಹಾಗಾಗಿ ಕಮಾನಿನ ನೆತ್ತಿಯುದ್ದಕ್ಕೂ ಹುರಿ ಹೊಸೆದ ಹಗ್ಗದಂಥ ಪಟ್ಟಿ ಬಂತು. ಕಲ್ಲುಗಳು ಏರುವ ಮೊದಲೇ ನೆಲದ ಮೇಲೆ ಕೆತ್ತಿ ಮುಗಿಸಿದ್ದು ಅವನೇ.

ಈ ತಮ್ಮನ ವಿಷಯ ಹೇಳದೆ ಅಣ್ಣನನ್ನು ಹೇಳಲಿಕ್ಕಾಗುವುದಿಲ್ಲ. ಇಬ್ಬರ ನಡುವೆ ಹನ್ನೆರಡು ವರ್ಷದ ಅಂತರ. ತಾಯಿ ಸತ್ತಾಗ ಅವನಿನ್ನೂ ನಡೆಯುತ್ತಿರಲಿಲ್ಲವಂತೆ. ಮೇಸ್ತ್ರಿ ಕಲ್ಲಿನ ಕೋರೆಗೆ ಬೆನ್ನಿಗೆ ಕಟ್ಟಿಕೊಂಡು ಹೋಗಿ, ನೆರಳಲ್ಲಿ ಕೂರಿಸಿ, ಕಲ್ಲು ಒಡೆದು ಸಾಕಿದವರು. ತಮಗೆ ಮಕ್ಕಳಾಗದಿದ್ದ ಮೇಲೆ ಅವನೇ ಮಗನೂ ಆಗಿದ್ದ. ಮೇಸ್ತ್ರಿ ಮಾತು ಕಡಿಮೆಯ ಮನುಷ್ಯ. ತಮ್ಮ ಹಾಡುವವನು, ಅಣಕಿಸುವವನು, ಮಧ್ಯಾಹ್ನ ಗಂಜಿ ಉಣ್ಣುವಾಗ ಸಮಿತಿಯ ಒಬ್ಬೊಬ್ಬರೂ ಮಾತಾಡುವ ಶೈಲಿಯನ್ನು ಮಾಡಿ ತೋರಿಸುವವನು. ಅವನು ಅಣಕಿಸುವಾಗ ಮೇಸ್ತ್ರಿ ಮುಖ ತಿರುಗಿಸಿ ನಗುತ್ತಿದ್ದರು. ನಕ್ಕದ್ದು ಕಾಣಬಾರದೆಂದು.

ಕಮಾನು ಸುರುವಾಗುವಾಗ ನಾವು ಮದರಾಸು ರಾಜ್ಯದವರು, ಮುಗಿಯುವಾಗ ಮೈಸೂರು ರಾಜ್ಯದವರು. ಮೊದಲೇ ಕೆತ್ತಿಟ್ಟಿದ್ದ ಫಲಕವನ್ನು ಎರಡನೇ ಸಲ ಕೆತ್ತಬೇಕಾಯಿತು. ಆ ಗಡಿಬಿಡಿಯಲ್ಲಿ ನಾಲ್ಕು ತಿಂಗಳು ಕೆಲಸ ನಿಂತಿತ್ತು. ಮತ್ತೆ ಹಿಡಿಯುವಾಗ ಬೇಸಿಗೆ ಅರ್ಧ ಕಳೆದಿತ್ತು. ಕಮಾನು ಕೂಡಿಕೊಳ್ಳುವ ತನಕ ಕಲ್ಲುಗಳನ್ನು ಹೊರುವುದು ಕೆಳಗೆ ಕಟ್ಟಿದ ಮರದ ಅಚ್ಚು. ಮಳೆ ಬಂದರೆ ಮರ ಉಬ್ಬುತ್ತದೆ, ಅಳತೆ ಹೋಗುತ್ತದೆ. ಪತ್ತನಾಜೆಯ ಮೊದಲು, ಅಂದರೆ ಮಳೆಗಾಲ ಹಿಡಿಯುವ ಮೊದಲು, ನಡುವಿನ ಕಡೆಯ ಕಲ್ಲು ಕೂರಲೇಬೇಕಿತ್ತು. ಮೇಸ್ತ್ರಿ ದಿನಾ ಬೆಳಿಗ್ಗೆ ಪಡುವಣ ಆಕಾಶ ನೋಡುವುದನ್ನು ನಾನು ನೋಡುತ್ತಿದ್ದೆ. ಊಟ ಬಿಟ್ಟರು. ಎಲೆ ಅಡಿಕೆ ಬಿಟ್ಟರು. ಯಾರ ಮೇಲೂ ಕೂಗದ ಮನುಷ್ಯ ಕೂಗಲಿಕ್ಕೆ ಸುರುಮಾಡಿದರು.

ಹದಿಮೂರು ಕಲ್ಲು ಏರಿದ್ದವು. ಹಿಂದಿನ ದಿನ ಒಂದು ಮಳೆ ಹೊಡೆದು ಎತ್ತುವ ಹಗ್ಗ ನೆನೆದಿತ್ತು. ಬೆಳಿಗ್ಗೆ ತಮ್ಮ ಹಗ್ಗವನ್ನು ಕೈಯಲ್ಲಿ ಎಳೆದು ನೋಡಿ ಹೇಳಿದ:

"ಅಣ್ಣಾ, ಈ ಹಗ್ಗ ಇನ್ನು ಆಗುದಿಲ್ಲ. ಹೊಸತು ನಾಳೆ ಮಂಗಳೂರಿಂದ ಬರ್ತದಲ್ಲ."

ಮೇಸ್ತ್ರಿ ಆಕಾಶ ನೋಡಿದರು. "ಇವತ್ತು ಇದೊಂದು ಏರಿಸುವ" ಎಂದರು.

ತಮ್ಮ ಕಲ್ಲಿಗೆ ಹಗ್ಗ ಸುತ್ತಿ, ಕಪ್ಪಿಯಲ್ಲಿ ಎಳೆಯುವವರಿಗೆ ಕೈಸನ್ನೆ ಮಾಡಿ, ತಾನು ಅಟ್ಟಣೆಯ ಮೇಲೆ ನಿಂತ. ಕಲ್ಲು ಅವನ ಎದೆಮಟ್ಟ ದಾಟಿ ಮೇಲೆ ಹೋಯಿತು. ನಾನು ಕೆಳಗೆ ಹಲಗೆಯ ಮಾದರಿ ಹಿಡಿದು ನಿಂತಿದ್ದೆ. ಹಗ್ಗ ಕಡಿದ ಸದ್ದು ಕೇಳಿದ ನೆನಪು ನನಗಿಲ್ಲ. ಅಟ್ಟಣೆ ಮುರಿದದ್ದು ಕೇಳಿತು. ಧೂಳು ಇಳಿದಾಗ ಕಲ್ಲು ಒಂದು ಕಡೆ ಬಿದ್ದಿತ್ತು, ಅವನೊಂದು ಕಡೆ ಬಿದ್ದಿದ್ದ. ಕಲ್ಲು ಅವನಿಗೆ ತಾಗಿರಲಿಲ್ಲ. ಬಿದ್ದ ಮರದ ದಿಮ್ಮಿ ಸೊಂಟದ ಮೇಲಿತ್ತು.

"ಅಣ್ಣಾ, ಕಾಲು ಎಲ್ಲಿ ಉಂಟು ನೋಡು" ಎಂದ. ಕಾಲು ಇದ್ದಲ್ಲೇ ಇದ್ದವು.

ಮೇಸ್ತ್ರಿ ನನ್ನ ಭುಜ ಹಿಡಿದು ದೂಡಿದರು. "ನೀನು ಓಡು, ಡಾಕ್ಟ್ರನ್ನು ಕರಿ, ಓಡು!" ಅಲ್ಲಿಯವರೆಗೆ ನನ್ನನ್ನು ನೀವು ಎನ್ನುತ್ತಿದ್ದವರು ಆ ದಿನದಿಂದ ನೀನು ಎಂದರು.

ತಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಸಾಗಿಸಿದರು. ಮೇಸ್ತ್ರಿ ಮೂರು ದಿನ ಅಲ್ಲಿದ್ದು, ನಾಲ್ಕನೇ ದಿನ ಒಬ್ಬರೇ ಪುತ್ತೂರಿಗೆ ಬಂದು ನೇರವಾಗಿ ಕೆಲಸದ ಜಾಗಕ್ಕೆ ನಡೆದರು. ನಾವೆಲ್ಲ ಕೆಲಸ ನಿಂತಿತು ಎಂದೇ ತಿಳಿದಿದ್ದೆವು. ಅವರು ಬಿದ್ದ ಕಲ್ಲಿನ ಸುತ್ತ ಒಂದು ಸುತ್ತು ಬಂದು, ಸುತ್ತಿಗೆಯಲ್ಲಿ ತಟ್ಟಿ ಕಿವಿಗೊಟ್ಟರು. ಬಿರುಕಿರಲಿಲ್ಲ. "ಏರಿಸಿ" ಎಂದರು. ಮುಂದಿನ ಹತ್ತು ದಿನ ಅವರು ಕೆಲಸ ಮಾಡಿದ ರೀತಿಗೆ ನಮಗೆಲ್ಲ ಹೆದರಿಕೆಯಾಗಿತ್ತು. ಕಡೆಯ ಕಲ್ಲನ್ನು, ಎರಡೂ ಕಡೆಯನ್ನು ಬಿಗಿಯುವ ಬೀಗದ ಕಲ್ಲನ್ನು, ಕೂರಿಸಿದ ಮೂರನೇ ದಿನ ಬೆಣೆಗಳನ್ನು ಹೊಡೆದು ತೆಗೆದರು. ಮರದ ಅಚ್ಚು ಇಳಿಯಿತು. ಕಮಾನು ನಿಂತಿತು. ಪೇಟೆಯವರು ಚಪ್ಪಾಳೆ ತಟ್ಟಿದರು. ನೋಡಿದರೆ ಮೇಸ್ತ್ರಿ ಇಲ್ಲ. ಯಾರದೋ ಕೈಗೆ ಸುತ್ತಿಗೆ ಕೊಟ್ಟು ಮಂಗಳೂರಿನ ಬಸ್ಸು ಹತ್ತಿದ್ದರು. ಉದ್ಘಾಟನೆಗೂ ಬರಲಿಲ್ಲ. ಫಲಕದಲ್ಲಿ ಹನ್ನೊಂದು ಜನರ ಹೆಸರಿತ್ತು. ನಿಮ್ಮದಿಲ್ಲವಲ್ಲ ಎಂದು ಮುಂದೊಮ್ಮೆ ನಾನು ಹೇಳಿದ್ದಕ್ಕೆ, "ಹಾಕುದಾದರೆ ಇಬ್ಬರದ್ದೂ ಹಾಕ್ಬೇಕಿತ್ತು. ಅವನ ಹೆಸರು ನೋಡಿ ಜನ ಕೇಳ್ತಾರೆ, ಇವ ಎಲ್ಲಿದ್ದಾನೆ ಅಂತ. ಎಂತ ಹೇಳುದು?" ಎಂದರು.

ತಮ್ಮ ಸಾಯಲಿಲ್ಲ. ಸೊಂಟದ ಕೆಳಗೆ ಜೀವವಿರಲಿಲ್ಲ. ಕಡಬದ ಹತ್ತಿರ, ಕೋರೆಯ ಕೆಳಗಿದ್ದ ಅವರ ಮನೆಯ ಚಾವಡಿಯಲ್ಲಿ ಒಂದು ಮಂಚ. ಅದರ ಮೇಲೆ ಒಂಬತ್ತು ವರ್ಷ. ಕೈಗಳು ಸರಿಯಿದ್ದುದರಿಂದ ಉಪ್ಪಿನಕಾಯಿ ಹಾಕುವ ಕಲ್ಲಿನ ಮರಿಗೆ, ಎಲೆ ಅಡಿಕೆ ಕುಟ್ಟುವ ಪುಟ್ಟ ಒರಳು ಕೆತ್ತುತ್ತಿದ್ದ. ಕೆತ್ತಿದ್ದನ್ನು ಮೇಸ್ತ್ರಿ ಸಂತೆಗೆ ಹೊರುತ್ತಿದ್ದರು. ಬೆಳಿಗ್ಗೆ ಅವನನ್ನು ತೊಳೆಯುವುದು, ಬಟ್ಟೆ ಬದಲಿಸುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಎಲ್ಲ ಅವರೇ. ಹೆಂಡತಿಗೂ ಬಿಡುತ್ತಿರಲಿಲ್ಲ.

ನಾನು ವರ್ಷಕ್ಕೆರಡು ಸಲ ಹೋಗುತ್ತಿದ್ದೆ. ತಮ್ಮ ಮೊದಲಿನ ಹಾಗೆಯೇ ತಮಾಷೆ ಮಾಡುತ್ತಿದ್ದ, ಆದರೆ ಅಣ್ಣ ಒಳಗೆ ಬಂದರೆ ಸುಮ್ಮನಾಗುತ್ತಿದ್ದ. ಸಿಟ್ಟಿನಿಂದಲ್ಲ. ಮಾತು ಮುಗಿದವನ ಹಾಗೆ. ಒಮ್ಮೆ ಮೇಸ್ತ್ರಿ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದವರು ದಾರಿಯಲ್ಲಿ ನಿಂತರು.

"ಒಂದು ದಿನವೂ ಬೈಲಿಲ್ಲ ಅವ."

"ಅವನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ ಮೇಸ್ತ್ರಿಗಳೇ."

"ಇಲ್ಲದೆ ಇರ್ತದಾ? ನೀನು ಅವನಾಗಿದ್ದರೆ ಇರ್ತಿರಲಿಲ್ವಾ? ಹಗ್ಗ ಆಗುದಿಲ್ಲ ಅಂತ ಹೇಳಿದ ಅವ. ಎಲ್ಲರೂ ಕೇಳಿದ್ದಾರೆ. ಬೆಳಿಗ್ಗೆ ಅವನ ಕಾಲು ಎತ್ತುವಾಗ ಅನ್ನಿಸ್ತದೆ, ಇವತ್ತು ಬೈತಾನೆ ಅಂತ. ಬೈದರೆ ನಾನು ಬದುಕ್ತೇನೆ ಮಾರಾಯ. ಬೈಯುದಿಲ್ಲ ಅವ. ಬೈಯುದಿಲ್ಲ."

ಪ್ರತಿವರ್ಷ ಮಳೆಗೆ ಮೊದಲು ಮೇಸ್ತ್ರಿ ಪುತ್ತೂರಿಗೆ ಬಂದು, ಏಣಿ ಇಟ್ಟು ಹತ್ತಿ, ಕಲ್ಲಿನ ಸಂದಿನಲ್ಲಿ ಹುಟ್ಟಿದ ಅಶ್ವತ್ಥದ ಗಿಡಗಳನ್ನು ಬೇರುಸಹಿತ ಕೀಳುತ್ತಿದ್ದರು. ಬರುವ ಮುನ್ನ ತಮ್ಮನನ್ನು ಕೇಳುತ್ತಿದ್ದರು, "ಬರ್ತಿಯಾ? ಗಾಡಿ ಮಾಡ್ತೇನೆ. ಒಂದು ಸಲ ನೋಡು." ತಮ್ಮ, "ಆಚೆ ವರ್ಷ ನೋಡುವ" ಎನ್ನುತ್ತಿದ್ದ. ಕಮಾನು ಪೂರ್ತಿ ನಿಂತದ್ದನ್ನು ಅವನು ನೋಡಿರಲೇ ಇಲ್ಲ. ಅವನ ಕಣ್ಣಲ್ಲಿ ಅದು ಹದಿಮೂರು ಕಲ್ಲಿನದು, ಕೆಳಗೆ ಮರ ಕೊಟ್ಟದ್ದು.

ಅಷ್ಟರಲ್ಲಿ ನಾನು ರಸ್ತೆ ಸರ್ವೆಯ ತಂಡವೊಂದರಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದೆ. ಮೇಸ್ತ್ರಿಯ ಜೊತೆ ಕಲಿತ ವಿದ್ಯೆಯೇ ಅನ್ನ ಕೊಟ್ಟಿತು. ಘಟ್ಟದ ರೈಲು ದಾರಿಯ ಕೆಲಸ ಹಿಡಿಯುತ್ತಿದ್ದ ಕಾಲ. ನೆಟ್ಟಣದ ಕಡೆಗೆ ಸೇತುವೆಗಳಿಗೆ ಬೇಕಾದ ಕಬ್ಬಿಣದ ತೊಲೆಗಳು ಮಂಗಳೂರಿನಿಂದ ನಮ್ಮ ರಸ್ತೆಯಲ್ಲೇ ಹೋಗಬೇಕಿತ್ತು. ಅಷ್ಟುದ್ದದ ತೊಲೆ ಹೊತ್ತ ಗಾಡಿ ಕಮಾನಿನ ಹದಿನಾರು ಅಡಿಯಲ್ಲಿ ನುಗ್ಗಿ, ಅದರಾಚೆಯ ತಿರುವಿನಲ್ಲಿ ತಿರುಗುವುದು ಸಾಧ್ಯವೇ ಇರಲಿಲ್ಲ. ರಸ್ತೆ ಅಗಲ ಮಾಡುವುದೆಂದಾಯಿತು. ಎಂಜಿನಿಯರು ಅಳತೆ ಹೇಳಿದರು, ನಾನು ಬರೆದೆ. ಹೊಸ ರಸ್ತೆಯ ಅಂಚು ಕಮಾನಿನ ಎರಡು ಕಂಬಗಳನ್ನೂ ಕಡಿದು ಹೋಗುತ್ತಿತ್ತು. ಶಾಯಿ ಒಣಗುವ ತನಕ ನೋಡುತ್ತ ಕೂತೆ. ಬರೆಯುವುದಿಲ್ಲ ಎಂದು ಹೇಳಬಹುದಿತ್ತು. ಇನ್ನೊಬ್ಬ ಬರೆಯುತ್ತಿದ್ದ, ಅಷ್ಟೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಕಡಬಕ್ಕೆ ಹೋಗಿ ಒಂದು ಮಾತು ತಿಳಿಸಬಹುದಿತ್ತು, ಅದನ್ನೂ ಮಾಡಲಿಲ್ಲ.

ಆ ವರ್ಷ ಗಿಡ ಕೀಳಲು ಬಂದಾಗ ಮೇಸ್ತ್ರಿಗೆ ಕಂಬದ ಮೇಲೆ ಕೆಂಪು ಬಣ್ಣದ ಗುರುತು ಕಂಡಿತು. ವಿಚಾರಿಸಿಕೊಂಡು ನೇರ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಆಗತಾನೇ ಕಿತ್ತ ಗಿಡಗಳಿದ್ದವು.

"ಇದು ಯಾರು ತೀರ್ಮಾನ ಮಾಡಿದ್ದು?"

"ಮೇಲಿನವರು" ಎಂದೆ.

ಮೇಜಿನ ಮೇಲಿದ್ದ ನಕ್ಷೆಯ ಎದುರು ಅವರು ಸ್ವಲ್ಪ ಹೊತ್ತು ನಿಂತರು. ಆಮೇಲೆ ಎಂಜಿನಿಯರ ಕೋಣೆಯ ಬಾಗಿಲಿಗೆ ಹೋದರು.

ಮುಂದಿನ ಎರಡು ತಿಂಗಳು ಆ ಮನುಷ್ಯ ಪಟ್ಟ ಪಾಡು ಹೇಳಬಾರದು. ಬೆಳಿಗ್ಗಿನ ಬಸ್ಸಿಗೆ ಬಂದು ಕಚೇರಿಯ ಮೆಟ್ಟಿಲಲ್ಲಿ ಕೂರುವುದು, ಸಂಜೆಯ ಬಸ್ಸಿಗೆ ಹೋಗುವುದು. ಹಳೆಯ ಸಮಿತಿಯವರ ಮನೆಮನೆಗೆ ಹೋದರು. ವಕೀಲರು ತೀರಿಹೋಗಿದ್ದರು. ಡಾಕ್ಟರು, "ಊರು ಬೆಳೀಬೇಕಲ್ಲ ಮೇಸ್ತ್ರಿ" ಎಂದರು. ಒಬ್ಬ ವ್ಯಾಪಾರಿ ಕಾಫಿ ಕೊಟ್ಟು ಬೇರೆ ವಿಷಯ ಮಾತಾಡಿದರು. ರಸ್ತೆಯನ್ನು ಕಮಾನಿನ ಎರಡೂ ಬದಿಗೆ ಒಡೆದು ಒಯ್ಯಬಹುದಲ್ಲ ಎಂದು ಮೇಸ್ತ್ರಿ ಎಂಜಿನಿಯರಿಗೆ ನೆಲದ ಮೇಲೆ ಸುಣ್ಣದಲ್ಲಿ ಬರೆದು ತೋರಿಸಿದರು. ಹಾಗೆ ಮಾಡಿದರೆ ಅಂಗಡಿಗಳ ಸಾಲು ಹೋಗುತ್ತಿತ್ತು. ಬಿಚ್ಚಿ, ಕಂಬಗಳನ್ನು ದೂರ ನೆಟ್ಟು, ದೊಡ್ಡದಾಗಿ ಕಟ್ಟಿಕೊಡುತ್ತೇನೆ ಎಂದರು. ಸಮಯವಿರಲಿಲ್ಲ. ಎಂಜಿನಿಯರು ಕೆಟ್ಟವರಲ್ಲ, ಹಾಸನದ ಕಡೆಯ ಎಳೆಯ ಮನುಷ್ಯ. ಅವರು ನನ್ನನ್ನು ಕರೆದು, "ಆ ಹಿರಿಯರಿಗೆ ಸ್ವಲ್ಪ ನೀವಾದರೂ ಹೇಳಿ. ನನ್ನ ಕೈಯಲ್ಲಿ ಏನಿದೆ?" ಎಂದು ಬೇಸರಪಟ್ಟುಕೊಂಡರು. ನಾನು ಹೇಳಲಿಲ್ಲ. ಮೆಟ್ಟಿಲು ದಾಟುವಾಗ ಮೇಸ್ತ್ರಿಯ ಮುಖ ನೋಡದೆ ದಾಟುವುದನ್ನು ಕಲಿತೆ.

ಕೊನೆಗೆ ಗುತ್ತಿಗೆದಾರನ ಜನ ಕಂಬದ ಬುಡದಲ್ಲಿ ಸಿಡಿಮದ್ದು ತುಂಬಲು ತೂತು ಕೊರೆಯಲಿಕ್ಕೆ ಬಂದರು. ಆ ದಿನ ಮೇಸ್ತ್ರಿ ಎಂಜಿನಿಯರ ಮೇಜಿನ ಎದುರು ನಿಂತು ಕೈಮುಗಿದದ್ದನ್ನು ನಾನು ಬಾಗಿಲಿಂದ ನೋಡಿದೆ.

"ಮದ್ದು ಬೇಡ ಸ್ವಾಮಿ. ಸುತ್ತ ಅಂಗಡಿ ಉಂಟು, ಜನ ಉಂಟು. ಯಾರಿಗಾದರೂ ತಾಗಿದರೆ? ನಾನೇ ಇಳಿಸಿ ಕೊಡ್ತೇನೆ. ಕಟ್ಟಿದವ ನಾನು, ಅದು ಹೇಗೆ ಇಳೀತದೆ ಅಂತ ನನಗೆ ಮಾತ್ರ ಗೊತ್ತುಂಟು."

"ಎಷ್ಟು ದಿನ?"

"ಒಂದು ವಾರ."

ಎಂಜಿನಿಯರು ಒಪ್ಪಿದರು.

ಕಮಾನನ್ನು ಇಳಿಸಬೇಕಾದರೆ ಕಟ್ಟುವಾಗ ಕೊಟ್ಟ ಹಾಗೆಯೇ ಕೆಳಗೆ ಮರದ ಅಚ್ಚು ಕೊಡಬೇಕು. ಮೇಸ್ತ್ರಿ ಹಳೆಯ ಆಳುಗಳನ್ನು ಹುಡುಕಿ ತಂದು ಎರಡು ದಿನದಲ್ಲಿ ಅಚ್ಚು ಕಟ್ಟಿ, ಬೆಣೆ ಬಿಗಿದರು. ಮೂರನೇ ದಿನ ಬೆಳಿಗ್ಗೆ ಕಲ್ಲಿಗೆ ಹಗ್ಗ ಹಾಕುವ ಹೊತ್ತಿಗೆ ಒಂದು ಜೀಪು ಬಂದು ನಿಂತಿತು. ನೆಲ್ಯಾಡಿಯ ರಬ್ಬರ್ ತೋಟದ ಒಬ್ಬ ಮಲಯಾಳಿಯದ್ದು. ಹಿಂದೆ ಹಾಸಿದ ಚಾಪೆಯ ಮೇಲೆ ತಮ್ಮ ಮಲಗಿದ್ದ, ಪಕ್ಕದಲ್ಲಿ ಮೇಸ್ತ್ರಿಯ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು.

"ನಾನು ಎಷ್ಟು ಬೇಡ ಅಂದರೂ ಕೇಳ್ಲಿಲ್ಲ. ಇವತ್ತು ಹೋಗದಿದ್ದರೆ ಇನ್ನು ಎಂತದ್ದು ನೋಡುದು ಅಂತ ಹಟ ಹಿಡಿದ" ಎಂದು ಆ ಅಕ್ಕ ಅಳುತ್ತಿದ್ದರು.

ನಾವು ನಾಲ್ಕು ಜನ ಚಾಪೆಸಹಿತ ಅವನನ್ನು ಎತ್ತಿ, ಎದುರಿನ ಅಂಗಡಿಯ ಜಗಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆವು. ಅವನು ಬಹಳ ಹೊತ್ತು ನೋಡಿದ.

"ಮರ ಯಾಕೆ ಕೊಟ್ಟದ್ದು?"

"ಇಳಿಸ್ಲಿಕ್ಕೆ" ಎಂದರು ಮೇಸ್ತ್ರಿ.

"ಮರ ಕೊಟ್ಟದ್ದನ್ನು ನಾನು ನೋಡಿದ್ದೇನೆ. ಮರ ಇಲ್ಲದ್ದು ನೋಡ್ಬೇಕು. ತೆಗಿ."

ಮೇಸ್ತ್ರಿ, ಕೆಲಸ ನೋಡಲು ಬಂದು ನಿಂತಿದ್ದ ಎಂಜಿನಿಯರ ಕಡೆ ತಿರುಗಿದರು. ಎಂಜಿನಿಯರು ಜಗಲಿಯಲ್ಲಿ ಕೂತವನ ಕಾಲುಗಳನ್ನು ನೋಡಿದರು. "ನಾಳೆ ಬೆಳಿಗ್ಗೆ ಸುರು ಮಾಡಿ" ಎಂದು ಹೇಳಿ ಹೊರಟುಹೋದರು.

ಬೆಣೆ ಹೊಡೆದು ಅಚ್ಚನ್ನು ಬಿಚ್ಚುವಾಗ ಮಧ್ಯಾಹ್ನವಾಯಿತು. ಕಡೆಯ ಮರ ಎಳೆದಾಗ ಬಿಸಿಲು ಕಮಾನಿನೊಳಗಿಂದ ನುಗ್ಗಿ ರಸ್ತೆಯ ಮೇಲೆ ಬಿತ್ತು. ಹತ್ತೊಂಬತ್ತು ಕಲ್ಲು, ಅದರ ಮೇಲೆ ಅವನೇ ಕೆತ್ತಿದ ಹಗ್ಗ. ಅಂಗಡಿಯವರೆಲ್ಲ ಹೊರಗೆ ಬಂದು ನಿಂತಿದ್ದರು.

"ಹದಿನಾಲ್ಕನೇದು ಯಾವುದು?" ಎಂದು ತಮ್ಮ ಕೇಳಿದ.

ಮೇಸ್ತ್ರಿ ಕೋಲಿನಿಂದ ತೋರಿಸಿದರು.

"ಹಾಳಾಗಿಹೋಗು ನೀನು" ಎಂದ ತಮ್ಮ.

ಮೊದಲು ಮೆಲ್ಲಗೆ ಹೇಳಿದ. ಆಮೇಲೆ ಪೇಟೆಗೆಲ್ಲ ಕೇಳುವ ಹಾಗೆ. ತುಳುವಿನಲ್ಲಿರುವ ಬೈಗುಳ ಒಂದನ್ನೂ ಬಿಡಲಿಲ್ಲ. ಹಗ್ಗ ಆಗುವುದಿಲ್ಲ ಎಂದಿದ್ದೆನಲ್ಲ, ನಿನಗೆ ಕಿವಿ ಇರಲಿಲ್ಲವಾ? ಒಂದು ದಿನ, ಒಂದು ದಿನ ಕಾದಿದ್ದರೆ ನಿನ್ನ ಗಂಟು ಎಂತ ಹೋಗುತ್ತಿತ್ತು? ನನಗೆ ಹೆಣ್ಣು ನೋಡಿದ್ದರು, ಅವಳಿಗೆ ಈಗ ಮೂರು ಮಕ್ಕಳು. ಒಂಬತ್ತು ವರ್ಷ ಹೆಣದ ಹಾಗೆ ನಿನ್ನ ಕೈಯಲ್ಲಿ ತೊಳೆಸಿಕೊಂಡೆ. ಈ ಕಲ್ಲಿಗೋಸ್ಕರ! ಈ ಕಲ್ಲನ್ನೂ ನಿನಗೆ ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ! ಅವನ ಬಾಯಿಯ ನೊರೆ ಗಲ್ಲಕ್ಕಿಳಿಯುತ್ತಿತ್ತು. ಅಕ್ಕ ತಡೆಯಲು ಹೋದರೆ ಮೇಸ್ತ್ರಿ ಕೈಯೆತ್ತಿ ಬೇಡವೆಂದರು. ತಲೆ ತಗ್ಗಿಸಿ, ರಸ್ತೆಯ ನಡುವೆ, ಇಷ್ಟೂ ಜನರ ಎದುರು, ಒಂದೊಂದು ಮಾತನ್ನೂ ಕೇಳಿಸಿಕೊಂಡು ನಿಂತರು. ಒಂದು ಬಸ್ಸು ಬಂದು ಹಾರ್ನ್ ಹೊಡೆದರೂ ಸರಿಯಲಿಲ್ಲ. ಬಸ್ಸೇ ಕಾಯಿತು.

ಸ್ವರ ಬಿದ್ದುಹೋಗುವವರೆಗೆ ಬೈದು ತಮ್ಮ ಸುಮ್ಮನಾದ. ಅಕ್ಕ ನೀರು ಕುಡಿಸಿದರು. ಆಮೇಲೆ ಅವನು, "ನಾಳೆ ಯಾವ ಹಗ್ಗದಲ್ಲಿ ಇಳಿಸುದು? ಇಲ್ಲಿ ತಾ" ಎಂದ. ಮೇಸ್ತ್ರಿ ಹಗ್ಗದ ಸುರುಳಿಯನ್ನು ಹೊತ್ತು ತಂದು ಅವನ ತೊಡೆಯ ಮೇಲಿಟ್ಟು, ಎದುರು ಕುಕ್ಕುರುಗಾಲಲ್ಲಿ ಕೂತರು. ತಮ್ಮ ತುದಿಯಿಂದ ಹಿಡಿದು ಒಂದೊಂದು ಮೊಳವನ್ನೂ ಬೆರಳಲ್ಲಿ ತಿರುವಿ ನೋಡುತ್ತ ಹೋದ. ನೋಡಿ ಮುಗಿದದ್ದನ್ನು ಮೇಸ್ತ್ರಿ ಈಚೆ ಸುತ್ತಿಕೊಳ್ಳುತ್ತಿದ್ದರು. ಕೆಲಸ ಮುಗಿಯುವಾಗ ಬಿಸಿಲು ಇಳಿದಿತ್ತು.

"ಆಗ್ತದೆ" ಎಂದ.

ಮರುದಿನದಿಂದ ಮತ್ತೆ ಮರ ಕೊಟ್ಟು, ಬೀಗದ ಕಲ್ಲಿನಿಂದ ಸುರುಮಾಡಿ ಹತ್ತೊಂಬತ್ತನ್ನೂ ಇಳಿಸಿದರು. ಒಂದು ಕಲ್ಲಿನ ಮೂಲೆಯೂ ಮುಕ್ಕಾಗಲಿಲ್ಲ. ಆಳುಗಳಲ್ಲಿ ಒಬ್ಬನ ಉಗುರಿಗೂ ಪೆಟ್ಟಾಗಲಿಲ್ಲ. ರಸ್ತೆಬದಿಯಲ್ಲಿ ಅವನ್ನು ಸಾಲಾಗಿ ಜೋಡಿಸಿಟ್ಟು, ಎಂಜಿನಿಯರಿಗೆ ಕೈಮುಗಿದು ಮೇಸ್ತ್ರಿ ಬಸ್ಸು ಹತ್ತಿದರು. ಆ ಕಲ್ಲುಗಳನ್ನು ಎಲ್ಲಾದರೂ ಮೋರಿಗೆ ಬಳಸುತ್ತಾರೆಂದು ನಾವು ತಿಳಿದಿದ್ದೆವು. ಹದಿನೈದು ದಿನ ಕಳೆದು ನೋಡಿದರೆ ಹೆಂಗಸರು ಕೂತು ಅವನ್ನು ಒಡೆಯುತ್ತಿದ್ದರು. ಕೆತ್ತಿದ ಹಗ್ಗದ ತುಂಡುಗಳು ಜಲ್ಲಿಯ ರಾಶಿಯಲ್ಲಿದ್ದವು. ಅದರ ಮೇಲೆ ಡಾಮರು ಬಿತ್ತು, ತೊಲೆಯ ಗಾಡಿಗಳು ಹೋದವು. ಈಗಲೂ ಆ ರಸ್ತೆಯಲ್ಲಿ ಹೋಗುವವರು ಕಮಾನಿನ ಮೇಲೆಯೇ ಹೋಗುತ್ತಾರೆ.

ತಮ್ಮ ಮುಂದಿನ ಮಳೆಗಾಲದಲ್ಲಿ ತೀರಿಕೊಂಡ. ಬೆನ್ನಿನ ಹುಣ್ಣು ಕೀವಾಗಿ ಜ್ವರಕ್ಕೆ ತಿರುಗಿತ್ತು. ಸಾಯುವ ತನಕ ಅಣ್ಣನ ಜೊತೆ ಚೆನ್ನಾಗಿ ಮಾತಾಡಿದ ಎಂದು ಅಕ್ಕ ಹೇಳಿದರು. ದಿನಾ ಜಗಳವೂ ಆಡುತ್ತಿದ್ದನಂತೆ, ಗಂಜಿಗೆ ಉಪ್ಪು ಹೆಚ್ಚಾಯಿತೆಂದು, ಮಗ್ಗುಲು ತಿರುಗಿಸಿದ್ದು ತಡವಾಯಿತೆಂದು.

ಸುದ್ದಿ ತಿಳಿದು ನಾನು ಹೋದೆ. ಅವರನ್ನು ನೋಡಿದ್ದು ಅದೇ ಕೊನೆ. ಮಂಚ ತೆಗೆದ ಚಾವಡಿಯಲ್ಲಿ ಮೇಸ್ತ್ರಿ ಗೋಡೆಗೊರಗಿ ಕೂತಿದ್ದರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಮಂಡಿಯ ಮೇಲೆ, ನೆಲದ ಮೇಲೆ ಇಟ್ಟು ತೆಗೆದು ಮಾಡುತ್ತಿದ್ದರು. ತಿಂಗಳುಗಳಿಂದ ನನ್ನೊಳಗೆ ಕೊಳೆಯುತ್ತಿದ್ದದ್ದನ್ನು ಇನ್ನು ಇಟ್ಟುಕೊಳ್ಳಲಾಗಲಿಲ್ಲ.

"ಮೇಸ್ತ್ರಿಗಳೇ, ಆ ರಸ್ತೆಯ ನಕ್ಷೆ ಬರೆದದ್ದು ನಾನು."

"ಗೊತ್ತುಂಟು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು ಮಾರಾಯ? ಮೇಜಿನ ಮೇಲೆ ಇತ್ತಲ್ಲ. ಎರಡು ಬೇಸಿಗೆ ನೀನು ಬರೆದದ್ದನ್ನು ನೋಡಿ ಕಲ್ಲು ಕಡಿದವ ನಾನು. ನಿನ್ನ ಗೆರೆ ನನಗೆ ಗೊತ್ತಾಗುದಿಲ್ವಾ?"

ಎರಡು ತಿಂಗಳು ಮೆಟ್ಟಿಲಲ್ಲಿ ಕೂತಿದ್ದಾಗಲೂ ಅವರಿಗೆ ಗೊತ್ತಿತ್ತು. ನಾನು ಮುಖ ತಪ್ಪಿಸಿ ದಾಟುವಾಗಲೆಲ್ಲ ಗೊತ್ತಿತ್ತು. ನಾನು ತಲೆ ತಗ್ಗಿಸಿ ಕಾದೆ. ಅವರು ಏನಾದರೂ ಹೇಳುತ್ತಾರೆ, ಕೂಗುತ್ತಾರೆ, ಎದ್ದುಹೋಗು ಎನ್ನುತ್ತಾರೆ ಎಂದು ಕಾದೆ. ಒಳಗೆ ಅಕ್ಕ ಪಾತ್ರೆ ತೊಳೆಯುತ್ತಿದ್ದರು.

"ಇವನಿಗೆ ಊಟಕ್ಕೆ ಬಾಳೆ ಹಾಕು" ಎಂದು ಅವರು ಒಳಗೆ ಕೂಗಿ ಹೇಳಿದರು. "ಸುಳ್ಯಕ್ಕೆ ಮುಟ್ಟುವಾಗ ತಡ ಆಗ್ತದೆ."

ಊಟಕ್ಕೆ ಕೂತೆ. ಅವರು ಎದುರು ಕೂತು, ಹುರುಳಿ ಸಾರು ಇನ್ನಷ್ಟು ಹಾಕು, ಉಪ್ಪಿನಕಾಯಿ ಹಾಕು ಎಂದು ಹೆಂಡತಿಗೆ ಹೇಳುತ್ತಿದ್ದರು. ನಾನು ಯಾವುದಕ್ಕೂ ಬೇಡ ಎನ್ನಲಿಲ್ಲ. ಹಾಕಿದ್ದನ್ನೆಲ್ಲ ಉಂಡೆ.